ಗಾಡಿ ಆಗುವ ತನಕ

ಜುಲೈ 28, ರವಿವಾರ

ನೂಲಿನ ವ್ಯಾಪಾರಿ ಹೊಸ ವರ್ಷಕ್ಕೆ ಕೊಟ್ಟ ಡೈರಿ ಇಷ್ಟು ದಿನ ಕಪಾಟಿನಲ್ಲಿ ಬಿದ್ದಿತ್ತು. ಇವತ್ತು ಹೊರಗೆ ತೆಗೆದೆ. ಗಾಡಿ ಬಿಚ್ಚುವಾಗ ಯಾವ ಬೋಲ್ಟು ಎಲ್ಲಿಯದು ಎಂದು ಬರೆದಿಡದಿದ್ದರೆ ನನ್ನ ತಲೆಯಲ್ಲಿ ನಿಲ್ಲುವುದಿಲ್ಲ. ಅಷ್ಟಕ್ಕೇ ಇದು. ಬೇರೆ ಏನೂ ಬರೆಯುವುದಿಲ್ಲ.

ಗಾಡಿಯ ಹಿಂಭಾಗ ಪೂರ್ತಿ ಹೋಗಿದೆ. ನಿನ್ನೆ ಮೀರಜದ ಆಸ್ಪತ್ರೆಯಿಂದ ಅವ್ವನನ್ನು ಕರೆದುಕೊಂಡು ಬರುವಾಗ ರಸ್ತೆಯ ಪ್ರತಿ ಹಂಪಿಗೂ ಧಡ್ ಎನ್ನುತ್ತಿತ್ತು. ಹಿಂದಿನ ಸೀಟಿನಲ್ಲಿ ಅವ್ವ ಹಲ್ಲು ಕಚ್ಚಿಕೊಳ್ಳುವುದು ಕನ್ನಡಿಯಲ್ಲಿ ಕಾಣುತ್ತಿತ್ತು. ಪಾಲಿಯೋ ಕಾರು, ಒಂದು ಪಾಯಿಂಟ್ ಆರು. ಸಣ್ಣ ಮೈ, ದೊಡ್ಡ ಎಂಜಿನ್ನು. ಕೊಲ್ಲಾಪುರದವನೊಬ್ಬನಿಂದ ಕೊಂಡಾಗ ತವಂದಿ ಘಾಟಿನಲ್ಲಿ ದೊಡ್ಡ ದೊಡ್ಡ ಗಾಡಿಗಳನ್ನೆಲ್ಲ ಹಿಂದೆ ಹಾಕಿ ಏರುತ್ತಿತ್ತು. ಗಟ್ಟಿ ಸ್ಪ್ರಿಂಗು ಹಾಕಿಸಿ ಅದನ್ನು ನೆಲದ ಸಮೀಪಕ್ಕೆ ಇಳಿಸಿದವನು ನಾನೇ. ತಿರುವಿನಲ್ಲಿ ರಸ್ತೆಗೆ ಅಂಟಿಕೊಂಡು ಹೋಗುತ್ತಿತ್ತು. ಹಿಂದೆ ಕೂತವರ ಬೆನ್ನಿನ ಗತಿ ಏನು ಎಂದು ಆಗ ಯಾರು ಕೇಳಿದ್ದರು.

ಕಾಗವಾಡ ದಾಟಿದ ಮೇಲೆ ಅವ್ವ ಹೇಳಿದಳು: "ಜಿನ್ಯಾ, ಇದ ಕಡೀದು. ಇನ್ನ ಆ ಮಷೀನಿಗಿ ನಾ ಕೈ ಕೊಡೂದಿಲ್ಲ."

ಎರಡೂ ಕಿಡ್ನಿ ಕೈಕೊಟ್ಟಿವೆ. ಡಯಾಲಿಸಿಸ್ ಮಷೀನಿಗೆ ಕೈ ಕೊಡದಿದ್ದರೆ ಏನಾಗುತ್ತದೆ ಎಂದು ಡಾಕ್ಟರು ನನಗೂ ಹೇಳಿದ್ದಾರೆ, ಅವಳಿಗೂ ಹೇಳಿದ್ದಾರೆ. ಸಂಜೆ ತಿಳಿದದ್ದು, ಚಾತುರ್ಮಾಸಕ್ಕೆ ನಮ್ಮ ಬೋರಗಾಂವದ ಬಸದಿಗೆ ಬಂದಿರುವ ಮುನಿ ಮಹಾರಾಜರ ಹತ್ತಿರ ಅವ್ವ ಮೊದಲೇ ಮಾತಾಡಿದ್ದಾಳೆ. ಸಲ್ಲೇಖನ ಬೇಕಂತೆ, ಉಪವಾಸದಿಂದ ದೇಹ ಬಿಡುವ ವ್ರತ. ಮೊದಲು ರೊಟ್ಟಿ ಬಿಡುವುದು, ಆಮೇಲೆ ಹಾಲು, ಆಮೇಲೆ ಮಜ್ಜಿಗೆ, ಕಡೆಗೆ ನೀರು. ಊರಿನವರು ಸಾಲುಗಟ್ಟಿ ಬಂದು ಕೈಮುಗಿಯುತ್ತಾರೆ. ಮಗ ಬಾಗಿಲಲ್ಲಿ ನಿಂತು ಎಲ್ಲರಿಗೂ ಬರ್ರಿ ಬರ್ರಿ ಅನ್ನಬೇಕು.

ನಾನು ಅನ್ನುವುದಿಲ್ಲ. ನಾಳೆಯೇ ಗಾಡಿಯ ಹಿಂಭಾಗ ಬಿಚ್ಚುತ್ತೇನೆ.


ಜುಲೈ 30, ಮಂಗಳವಾರ

ನಮ್ಮ ಮಗ್ಗದ ಶೆಡ್ಡಿನ ಖಾಲಿ ಮೂಲೆಯಲ್ಲಿ ಗಾಡಿ ನಿಲ್ಲಿಸಿದೆ. ಹಿಂಭಾಗ ಎತ್ತಿ ಸ್ಟ್ಯಾಂಡಿನ ಮೇಲೆ ಇಟ್ಟು ಗಾಲಿ ತೆಗೆದೆ. ಬೋಲ್ಟುಗಳು ಜಂಗು ಹಿಡಿದು, ತುಕ್ಕು ತಿಂದು ಒಂದೂ ಅಲುಗಲಿಲ್ಲ. ಬೋಲ್ಟು ತಿರುಗಿಸುವ ಪಾನಾ ಜಾರಿ ಬೆರಳ ಗಂಟು ಸುಲಿಯಿತು. ಡೀಸೆಲ್ ಸುರಿದು ನೆನೆಯಲು ಬಿಟ್ಟೆ.

ಮಧ್ಯಾಹ್ನ ನಿಪ್ಪಾಣಿಯಿಂದ ಅಣ್ಣ ಬಂದ. ಭೂಪಾಲಣ್ಣನಿಗೆ ತಂಬಾಕಿನ ವ್ಯಾಪಾರ, ಹೋರಿಯಂಥ ದೊಡ್ಡ ಗಾಡಿ, ದೊಡ್ಡ ದನಿ. ಅವನು ಆಗಲೇ ಬಸದಿಗೆ ಹೋಗಿ ಬಂದಿದ್ದ.

"ಮಹಾರಾಜರು ಎರಡ ಮಾತ ಹೇಳ್ಯಾರ. ಮನಿಮಂದಿ ಎಲ್ಲಾರೂ ಪೂರ್ತಿ ಮನಸಿಲೆ ಒಪ್ಪಬೇಕು. ಮತ್ತ ಅವ್ವ ಯಾರ್ಯಾರ ಮನಸ ನೋಯಿಸ್ಯಾಳ, ಅವರ ಹತ್ರ ಹೋಗಿ ಕ್ಷಮಾ ಬೇಡಿ ಬರಬೇಕು. ಅಲ್ಲಿತನಾ ಊಟ ಬಿಡಂಗಿಲ್ಲ."

ಯಾರ್ಯಾರು ಎಂದರೆ ಮುಖ್ಯವಾಗಿ ಒಬ್ಬಳೇ, ಉಗಾರ ಖುರ್ದದ ಚಂಪಾಬಾಯಿ ಅತ್ತೆ, ನಮ್ಮ ಅಪ್ಪನ ತಂಗಿ. ಅವಳ ಮಗಳ ಮದುವೆಯಲ್ಲಿ ಬೀಗರು ತಡವಾಗಿ ಬಂದು, ಪಂಕ್ತಿ ಹಾಕುವಷ್ಟರಲ್ಲಿ ಹೊತ್ತು ಮುಳುಗಿತ್ತು. ಹೊತ್ತು ಮುಳುಗಿದ ಮೇಲೆ ನಮ್ಮಲ್ಲಿ ಉಣ್ಣುವುದಿಲ್ಲ. ಅವ್ವ ಎಲೆಯ ಮುಂದಿನಿಂದ ಎದ್ದು ನಿಂತು, ಬೀಗರೆದುರಿಗೇ "ಇದೇನ ಜೈನರ ಮನಿಯೋ, ಖಾನಾವಳಿಯೋ?" ಎಂದು ಕೇಳಿ ಹೊರಗೆ ನಡೆದಿದ್ದಳು. ಅವಳ ಹಿಂದೆ ಅರ್ಧ ಪಂಕ್ತಿ ಎದ್ದಿತ್ತು. ಅಂದಿನಿಂದ ಎರಡೂ ಮನೆಗೆ ಮಾತಿಲ್ಲ.

"ಏಳವ್ವಾ, ಇವತ್ತ ಹೋಗಿ ಬಂದಬಿಡೂಣು. ಗಾಡಿ ಬಾಗಲದಾಗ ಐತಿ," ಎಂದ ಅಣ್ಣ.

ಅವ್ವ ಅಲ್ಲಾಡಲಿಲ್ಲ. "ಜಿನ್ಯಾನ ಗಾಡಿ ಆಗಲಿ. ಅಂವಾ ಕರ್ಕೊಂಡ ಹೋಗಲಿ."

"ಅದ ಯಾವಾಗ ಆಗ್ತೈತೋ?"

ಎರಡು ದಿನದ ಕೆಲಸ ಎಂದುಕೊಂಡಿದ್ದೆ. ಬಾಯಿಂದ ಬಂದದ್ದು ಬೇರೆ. "ಟೈಮ್ ಹಿಡೀತೈತಿ," ಎಂದೆ. ಹೇಗೂ ಹೊಳೆ ತುಂಬಿ ಸೇತುವೆ ಮುಳುಗಿದೆ, ಉಗಾರಕ್ಕೆ ಸುತ್ತು ಹಾಕಿ ಹೋಗಬೇಕು. ಅಣ್ಣ ಮುಖ ಊದಿಸಿಕೊಂಡು ಹೋದ. ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳು ಏಕೆ ಬರೆಯಲಿ.


ಆಗಸ್ಟ್ 2, ಶುಕ್ರವಾರ

ಹಿಂದಿನ ಆಕ್ಸಲ್ ಇಳಿಯಿತು. ಅದರ ಎರಡು ತೋಳುಗಳ ತುದಿಗೆ ರಬ್ಬರಿನ ಬುಶ್ ಇರುತ್ತವೆ. ಗಾಡಿಯ ಹಿಂಭಾಗವೆಲ್ಲ ಆಡುವುದು ಅವುಗಳ ಮೇಲೆ. ರಬ್ಬರು ಹರಿದು ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತಿತ್ತು. ಧಕ್ಕೆ ತಾಳುವ ಶಾಕಪ್ಸರುಗಳು ಎಣ್ಣೆ ಸೋರಿ ಒಣಗಿವೆ. ಕೈಯಲ್ಲಿ ಒತ್ತಿದರೆ ಹೋದದ್ದು ವಾಪಸು ಬರುವುದಿಲ್ಲ.

ಮಗ್ಗದ ಸಾಮಾನು ಮಾಡುವ ಸುರಜನ ಲೇತಿಗೆ ಆಕ್ಸಲ್ ಹೊತ್ತುಕೊಂಡು ಹೋದೆ. ಅವನು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದ.

"ಅಣ್ಣಾ, ಇದನ್ನ ಗುಜರಿ ಮೋಡಕಾದಾಗ ಹಾಕಿ ಹೊಸಾ ಗಾಡಿ ತಗೋರಿ."

"ನಿನ್ನ ಲೇತ್ ಮೊದಲ ಮೋಡಕಾದಾಗ ಹಾಕು. ಹಳೇ ಬುಶ್ ತೆಗಿ."

ಹೊಸ ಬುಶ್, ಶಾಕಪ್ಸರು ಕೊಲ್ಲಾಪುರದಿಂದ ತರಿಸುತ್ತೇನೆ. ಸ್ಪ್ರಿಂಗು ಮಾತ್ರ ಪುಣೆಯಿಂದಲೇ ಬರಬೇಕು, ಮೊದಲಿನಂತೆಯೇ ಗಿಡ್ಡ ಮತ್ತು ಗಟ್ಟಿ. ಮಾಡುವುದಾದರೆ ಗಾಡಿ ಮೊದಲು ಹೇಗಿತ್ತೋ ಹಾಗೆಯೇ ಆಗಬೇಕು. ಘಾಟು ಹತ್ತಬೇಕು.


ಆಗಸ್ಟ್ 6, ಮಂಗಳವಾರ

ಬುಶ್ ಬಂದವು. ರಬ್ಬರು ಸರಿ ಅನಿಸಲಿಲ್ಲ, ವಾಪಸು ಕಳಿಸಿದೆ.

ಅವ್ವ ಒಂದು ರೊಟ್ಟಿ, ಹೆಸರುಬೇಳೆ ಉಂಡಳು.


ಆಗಸ್ಟ್ 9, ಶುಕ್ರವಾರ

ಹೊಳೆ ಇಳಿದು ಸೇತುವೆ ತೆರೆದಿದೆಯಂತೆ. ಸುದ್ದಿಯನ್ನು ಮೊದಲು ತಂದವಳು ತೃಪ್ತಿ. ನನ್ನ ಹೆಂಡತಿ ಒಂದು ಮಾತು ಕೇಳುವ ಮೊದಲು ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾಳೆ. ಇವತ್ತು ಬಹಳ ಹೊತ್ತು ಒರೆಸಿಕೊಂಡಳು.

"ಎಲ್ಲಿಗಿ ಬಂತ್ರಿ ಗಾಡಿ?"

"ಆಕ್ಸಲ್ಲಿಗಿ ಬಣ್ಣ ಹಚ್ಚಬೇಕು. ಜಂಗ ಐತಿ."

"ಮೊನ್ನೆ ಹಚ್ಚಿದ್ದಿರಲ್ಲ?"

ಮೊನ್ನೆ ಹಚ್ಚಿದ್ದು ಒಳಕೋಟು. ಇದು ಬೇರೆ. ಹೆಂಗಸರಿಗೆ ಬಣ್ಣ ಎಂದರೆ ಒಂದೇ ಬಣ್ಣ.

ಈ ಮಧ್ಯೆ ಅವ್ವ ಊರಿನೊಳಗಿನ ಲೆಕ್ಕ ತೀರಿಸುತ್ತಿದ್ದಾಳೆ. ಕೋಲೂರಿಕೊಂಡು ಶೆಡ್ಡಿಗೆ ಬಂದು, ಮಗ್ಗ ಬಂದ್ ಮಾಡಿಸಿ, ಕೆಲಸದವರ ಮುಂದೆಲ್ಲ ಕೈಜೋಡಿಸಿದಳು. ಗಂಡಾಳುಗಳು ತಲೆ ತಗ್ಗಿಸಿ ನಿಂತರು. ನಾನು ಗಾಡಿಯ ಕೆಳಗೆ ಮಲಗಿ ಏನೂ ಕೇಳಿಸದವನಂತೆ ಇದ್ದೆ. ಆಮೇಲೆ ಹಾಲಿನ ಮಲಕವ್ವ ಸಿಕ್ಕಳು. ಕುರಿ, ಎಮ್ಮೆ ಮೇಯಿಸಿಕೊಂಡಿರುವ ಮನೆಯವಳು, ನನ್ನ ಮದುವೆಗಿಂತ ಮೊದಲಿನಿಂದ ನಮಗೆ ಹಾಲು ಹಾಕುತ್ತಿದ್ದಾಳೆ.

"ಹಾಲಿಗಿ ನೀರ ಹಾಕತಿ ಅಂತ ನಿನಗ ಭಾಳ ಸಲ ಬೈದೇನಿ ಮಲಕವ್ವಾ. ಕ್ಷಮಾ ಮಾಡು."

ಮಲಕವ್ವ ಕೊಡ ಕೆಳಗಿಟ್ಟು ಅಳಲು ಸುರುಮಾಡಿದಳು. "ಯಕ್ಕಾರ, ನೀರ ಹಾಕಿದ್ದು ಖರೇನರಿ. ನೀವ ನನಗ ಮಾಫ್ ಮಾಡ್ರಿ!"

ಅವ್ವ "ನಾ ಬೈದಿದ್ದು ಬರೋಬರಿನ ಇತ್ತ ಹಂಗಾರ," ಎಂದಳು. ಇಬ್ಬರೂ ನಕ್ಕರು. ಅವ್ವ ಅಷ್ಟು ಜೋರಾಗಿ ನಕ್ಕಿದ್ದು ಕೇಳಿ ಎಷ್ಟು ದಿನವಾಗಿತ್ತು. ಇಷ್ಟು ನಗುವವಳು ಯಾಕೆ ಹೋಗಬೇಕು? ನನಗೆ ತಿಳಿಯುವುದಿಲ್ಲ. ನನಗೆ ಸಿಟ್ಟು ಬರುತ್ತದೆ.

ಮಧ್ಯಾಹ್ನ ಅರ್ಧ ರೊಟ್ಟಿ. ಹಾಲು ಒಂದು ಲೋಟ.


ಆಗಸ್ಟ್ 13, ಮಂಗಳವಾರ

ಪುಣೆಯ ಸ್ಪ್ರಿಂಗು ಬಂದವು. ಕೆಂಪು ಬಣ್ಣ, ನೋಡಿದರೆ ಕಣ್ಣಿಗೆ ಹಬ್ಬ. ನೆಲಕ್ಕೆ ನಿಲ್ಲಿಸಿ ಮೈಭಾರ ಬಿಟ್ಟು ಒತ್ತಿದೆ, ಜಪ್ಪಯ್ಯ ಅನ್ನಲಿಲ್ಲ. ಇವುಗಳನ್ನು ಹಾಕಿದರೆ ಈ ಗಾಡಿ ತವಂದಿಯಲ್ಲಿ ಈಗಿನ ಹೊಸ ಗಾಡಿಗಳಿಗೂ ನೀರು ಕುಡಿಸುತ್ತದೆ.

ಅವ್ವನ ಪಾದ ಊದಿವೆ. ಬೆರಳಿಟ್ಟರೆ ಕುಳಿ ಬೀಳುತ್ತದೆ. ಮೀರಜಕ್ಕೆ ಹೋಗೋಣ, ಒಂದೇ ಒಂದು ಸಲ, ಎಂದು ಅವಳ ಕಾಲ ಹತ್ತಿರ ಕೂತು ಕೇಳಿದೆ. "ಕಾಲ ಒತ್ತೂದಿದ್ರ ಒತ್ತು. ಆ ಮಾತ ಬ್ಯಾಡ," ಎಂದಳು. ಒತ್ತಿದೆ.

ಸ್ಪ್ರಿಂಗು ವಾಪಸು ಕಳಿಸಿದೆ. ಇಷ್ಟು ಗಟ್ಟಿ ಇದ್ದರೆ ಹಿಂದೆ ಕೂತವರು ಏನಾಗಬೇಕು. ಸಾದಾ ಸ್ಪ್ರಿಂಗು ಬೇಕು, ಕಂಪನಿಯಿಂದ ಬರುವಾಗ ಇರುತ್ತಿದ್ದಂಥವು, ಮೆತ್ತಗಿನವು. ಪುಣೆಯವನು ಹುಡುಕಬೇಕು, ತಡ ಆಗಬಹುದು ಎಂದ. ಆಗಲಿ ಎಂದೆ.

ಅಂಬಲಿ. ರೊಟ್ಟಿ ಇಲ್ಲ.


ಆಗಸ್ಟ್ 19, ಸೋಮವಾರ

ಮೈಯೆಲ್ಲ ಉರಿಯುತ್ತಿದೆ. ಮುಂಜಾನೆಯೇ ಅಣ್ಣ ಬಂದು, ಕೆಲಸದವರ ಮುಂದೆ, ಶೆಡ್ಡಿನ ನಡುವೆ ನಿಂತು ಕೂಗಾಡಿದ.

"ಲೇ ಜಿನ್ಯಾ, ನೀ ಗಾಡಿ ರಿಪೇರಿ ಮಾಡಾಕತ್ತಿಯೋ, ಅವ್ವನ್ನ ಕಟ್ಟಿ ಹಾಕಾಕತ್ತಿಯೋ?"

"ಸಾಮಾನ ಸಿಗವಲ್ದು. ಇಪ್ಪತ್ತ ವರ್ಷದ ಗಾಡಿ ಇದು."

"ಸಾಮಾನ ಬಂದಿದ್ದನ್ನ ನೀ ಎರಡ ಸಲ ವಾಪಸ ಕಳಸಿದಿ. ಸುರಜ ಹೇಳ್ಯಾನ ನನಗ."

"ಸರಿ ಇರಲಿಲ್ಲ, ಕಳಸೇನಿ! ನಿಂದೇನ ಹೋಗ್ತೈತಿ? ನಿನಗ ಅವ್ವ ಹೋದ್ರ ನಡೀತೈತಿ, ನನಗ ನಡಿಯೂದಿಲ್ಲ!"

ಅಂದುಬಿಟ್ಟೆ. ಅಣ್ಣನ ಮುಖ ಕಪ್ಪಿಟ್ಟಿತು. ಅವನು ದೊಡ್ಡ ಗಾಡಿಯಲ್ಲಿ ಸ್ವಲ್ಪ ಹೊತ್ತು ಕೂತಿದ್ದು ಹೋದ. ಅಳುತ್ತಿದ್ದನೋ ಏನೋ, ಗಾಜು ಕಪ್ಪು, ಕಾಣಲಿಲ್ಲ.

ನಾನು ಬರೆದಿಡುತ್ತೇನೆ, ಯಾರಾದರೂ ಹೇಳಲಿ ಇದರಲ್ಲಿ ತಪ್ಪೇನು ಎಂದು. ಬುಶ್ ಕೆಟ್ಟದ್ದಿತ್ತು. ಬಣ್ಣ ಎರಡು ಕೋಟು ಬೇಕೇ ಬೇಕು, ಮೂರನೆಯದೂ ಹಚ್ಚಿದರೆ ಒಳ್ಳೆಯದೇ. ಬ್ರೇಕಿನ ಪೈಪು ಬದಲಿಸದೆ ಹಾಗೇ ಕೂಡಿಸುವವನು ಮೂರ್ಖ. ಅರೆಬರೆ ಗಾಡಿಯಲ್ಲಿ ಮುದುಕಿಯನ್ನು ಕೂರಿಸಿಕೊಂಡು ಹೋಗಿ ನಡುದಾರಿಯಲ್ಲಿ ಏನಾದರೂ ಆದರೆ ಅದೇ ಅಣ್ಣ ನನಗೆ ಏನೆನ್ನುತ್ತಾನೆ? ಅವಸರ ಮಾಡಿದರೆ ಮಾಡಿದ ಕೆಲಸ ಮತ್ತೆ ಮಾಡಬೇಕಾಗುತ್ತದೆ. ನಾನು ಅವಸರ ಮಾಡುವುದಿಲ್ಲ.

ಸಂಜೆ ಕೈ ತೊಳೆದು ನೆಟ್ಟಗೆ ಬಸದಿಗೆ ಹೋದೆ. ಮಹಾರಾಜರು ಮಣೆಯ ಮೇಲೆ ಕೂತಿದ್ದರು, ಪಕ್ಕದಲ್ಲಿ ನವಿಲುಗರಿಯ ಪಿಂಛಿ. ನನ್ನ ಉಗುರುಗಳ ಗ್ರೀಸು ಹೋಗಿರಲಿಲ್ಲ. ಉಪದೇಶ ಮಾಡುತ್ತಾರೆ, ಮಾಡಲಿ, ನಾಲ್ಕು ಮಾತು ಎದುರಾಡೋಣ ಎಂದೇ ಹೋಗಿದ್ದೆ.

"ನಾ ಒಲ್ಲೆ ಅಂದ್ರ?" ಎಂದೆ.

"ನೀ ಒಲ್ಲೆ ಅಂದ್ರ ನಾ ವ್ರತ ಕೊಡೂದಿಲ್ಲಪಾ."

"ಅಷ್ಟ?"

"ಅಷ್ಟ. ನಿಮ್ಮ ತಾಯಿಗೂ ಹಂಗ ಹೇಳೇನಿ. ಆಕಿ ಏನಂದ್ಲು ಗೊತ್ತೇನು? ಅಂವಾ ಒಪ್ಪೂ ತನಾ ನಾ ಉಂತೇನಿ ಅಂದ್ಲು."

ಹಾರಿಕೊಂಡು ಮನೆಗೆ ಬಂದೆ. ನಾನು ಒಪ್ಪುವುದಿಲ್ಲ, ಅವ್ವ ಊಟ ಬಿಡುವುದಿಲ್ಲ. ಇಷ್ಟು ಸರಳ! ಹೊತ್ತು ಮುಳುಗುವ ಮೊದಲು ಅವಳ ಪಕ್ಕದಲ್ಲೇ ಉಣ್ಣಲು ಕೂತು ಎರಡು ರೊಟ್ಟಿ ಹೆಚ್ಚು ತಿಂದೆ. ನನ್ನನ್ನು ನೋಡಿ ಅವಳೂ ಅರ್ಧ ತಿಂದಳು.


ಆಗಸ್ಟ್ 20, ಮಂಗಳವಾರ

ಅರ್ಧ ರೊಟ್ಟಿ, ಬೇಳೆ.


ಆಗಸ್ಟ್ 21, ಬುಧವಾರ

ಅರ್ಧ ರೊಟ್ಟಿ. ಸಂಜೆ ಮುದ್ದಾಂ ಅವಳಿಗಾಗಿ ರವೆಯ ಸಿರಾ ಮಾಡಿಸಿದ್ದೆ, ಎರಡು ಚಮಚ ತಿಂದಳು. ತೃಪ್ತಿ ಯಾಕೋ ಮಾತಾಡುತ್ತಿಲ್ಲ.


ಆಗಸ್ಟ್ 24, ಶನಿವಾರ

ಮಧ್ಯಾಹ್ನ ಅವ್ವ ಉಂಡೆದ್ದ ಮೇಲೆ ನಾನು ಶೆಡ್ಡಿಗೆ ಹೊರಟಿದ್ದೆ. ತೃಪ್ತಿ ನನ್ನ ತೋಳು ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದಳು. ಬಚ್ಚಲ ಬಾಗಿಲು ಅರೆ ಮುಚ್ಚಿತ್ತು. ಒಳಗೆ ಅವ್ವ ಗೋಡೆ ಹಿಡಿದು ಬಗ್ಗಿ ವಾಂತಿ ಮಾಡುತ್ತಿದ್ದಳು. ಸದ್ದು ಹೊರಗೆ ಬಾರದಿರಲಿ ಎಂದು ನಳ ಬಿಟ್ಟುಕೊಂಡಿದ್ದಳು. ಬಾಯಿ ಮುಕ್ಕಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ಸ್ವಲ್ಪ ಹೊತ್ತು ಗೋಡೆಗೆ ಹಣೆ ಆನಿಸಿ ನಿಂತಳು.

"ದಿನಾ ಹಿಂಗ ಐತಿ," ಎಂದಳು ತೃಪ್ತಿ ಪಿಸುದನಿಯಲ್ಲಿ. "ಒಂದ ತುತ್ತೂ ನಿಲ್ಲೂದಿಲ್ಲ. ನೀವ ನೋಡಾಕತ್ತೀರಿ ಅಂತ ಉಣ್ಣಾಕತ್ತಾರ."

"ನನಗ ಯಾಕ ಹೇಳಲಿಲ್ಲ?"

"ಹೇಳಬ್ಯಾಡ ಅಂತ ಆಣಿ ಹಾಕಿಸ್ಕೊಂಡಿದ್ರು. ಇವತ್ತ ಮುರದೇನಿ. ಆ ಪಾಪ ನನಗಿರಲಿ."

ಅವ್ವ ಹೊರಗೆ ಬರುವ ಮೊದಲು ಇಬ್ಬರೂ ಅಲ್ಲಿಂದ ಸರಿದೆವು. ನಾನು ಬೈಕ್ ಹತ್ತಿ ನಿಪ್ಪಾಣಿಗೆ ಹೋದೆ. ಸ್ಪ್ರಿಂಗು ಪಾರ್ಸೆಲ್ ಆಫೀಸಿಗೆ ಸೋಮವಾರವೇ ಬಂದು ಬಿದ್ದಿದ್ದವು. ಅವರು ಫೋನ್ ಮಾಡಿದ್ದರು, ನಾನು ಪುರುಸೊತ್ತಿಲ್ಲ ಎಂದಿದ್ದೆ.


ಆಗಸ್ಟ್ 27, ಮಂಗಳವಾರ

ಮತ್ತೆ ತರಿಸಿದ ಹೊಸ ಬುಶ್ ಸುರಜ ಪ್ರೆಸ್ ಮಾಡಿಕೊಟ್ಟ. ಶಾಕಪ್ಸರು, ಸ್ಪ್ರಿಂಗು, ಆಕ್ಸಲ್ ಎಲ್ಲ ಕೂಡಿತು. ಬ್ರೇಕಿನ ಗಾಳಿ ತೆಗೆದೆ. ಮೂರನೇ ಕೋಟು ಬಣ್ಣ ಹಚ್ಚಲಿಲ್ಲ.

"ಅಣ್ಣಾ, ಇಷ್ಟ ಮೆತ್ತನ್ನ ಸ್ಪ್ರಿಂಗ್? ಇನ್ನ ಘಾಟ ಹೆಂಗ ಹತ್ತತೀರಿ?" ಎಂದ ಸುರಜ.

"ಉಳದವರಗತೆ ಹತ್ತತೇನಿ," ಎಂದೆ.

ಅವ್ವ ಇವತ್ತು ಉಣ್ಣಲು ಕೂತಾಗ ನಾನು ಒಳಗೆ ಹೋಗಲಿಲ್ಲ. ಶೆಡ್ಡಿನಲ್ಲೇ ಇದ್ದೆ. ಏನು ಉಂಡಳು ಎಂದು ಕೇಳಲಿಲ್ಲ. ತೃಪ್ತಿ ತಾನಾಗಿ ಹೇಳಿದಳು, ಬರೀ ಮಜ್ಜಿಗೆ ಕುಡಿದು ನಿದ್ದೆ ಮಾಡಿದರು, ವಾಂತಿ ಆಗಲಿಲ್ಲ ಎಂದು.


ಸೆಪ್ಟೆಂಬರ್ 1, ರವಿವಾರ

ಬುಶ್ಶಿನ ಬೋಲ್ಟು ಪೂರ್ತಿ ಬಿಗಿಯುವುದು ಮಾತ್ರ ಉಳಿದಿತ್ತು. ಅದನ್ನು ಗಾಲಿ ನೇತಾಡುವಾಗ ಬಿಗಿಯಬಾರದು. ಗಾಡಿಯ ಭಾರ ಗಾಲಿಯ ಮೇಲೆ ಬಿದ್ದಾಗ ಬಿಗಿಯಬೇಕು, ಇಲ್ಲದಿದ್ದರೆ ರಬ್ಬರು ತಿರುಚಿಕೊಂಡೇ ಕೂತು ಬೇಗ ಹರಿಯುತ್ತದೆ. ನಾಲ್ಕೂ ಗಾಲಿಯ ಕೆಳಗೆ ದಪ್ಪ ದಿಮ್ಮಿ ಇಟ್ಟು ಗಾಡಿ ಇಳಿಸಿದೆ, ನಾನು ಕೆಳಗೆ ಹಿಡಿಯುವಷ್ಟು ಜಾಗವಾಯಿತು. ಹಿಂದಿನ ಸೀಟಿನಲ್ಲೂ ಮನುಷ್ಯರ ಭಾರ ಇದ್ದರೆ ಇನ್ನೂ ಒಳ್ಳೆಯದು ಎನಿಸಿತು. ತೃಪ್ತಿಗೆ, ಒಂದು ನೂಲಿನ ಚೀಲ ತರಿಸಿ ಹಿಂದೆ ಇಡಿಸು ಎಂದೆ.

"ಚೀಲ ಯಾಕ? ನಾ ಕುಂದರತೇನಿ," ಎಂದಳು ಅವ್ವ. ಯಾವಾಗ ಬಂದು ನಿಂತಿದ್ದಳೋ.

ಬೇಡ ಎಂದರೂ ಕೇಳಲಿಲ್ಲ. ತೃಪ್ತಿಯೂ ನಾನೂ ಆಚೆ ಈಚೆ ಹಿಡಿದು ಹತ್ತಿಸಿದೆವು. ಅವಳು ಬಲಕ್ಕೆ ಸರಿದು ಕೂತಳು. ಗಾಡಿಯ ಹಿಂಭಾಗ ಒಂದು ಬೆರಳಿನಷ್ಟೂ ಇಳಿಯಲಿಲ್ಲ. ನಾನು ಮತ್ತೊಮ್ಮೆ ನೋಡಿದೆ. ಏನೂ ಇಳಿದಿರಲಿಲ್ಲ. ಇಷ್ಟೇ ಉಳಿದಿದ್ದಾಳೆ ಎಂದು ನನಗೆ ಆಗ ತಿಳಿಯಿತು. ತೃಪ್ತಿ ಮಗ್ಗ ಬಂದ್ ಮಾಡಿಸಲು ಹೋದಳು. ಅವ್ವನಿಗೆ ಆ ಸದ್ದು ಆಗುವುದಿಲ್ಲ.

ನಾನು ಗಾಡಿಯ ಕೆಳಗೆ ಮಲಗಿದೆ. ಮಗ್ಗಗಳು ಒಂದೊಂದೇ ನಿಂತವು. ಮೇಲಿನಿಂದ ಅವ್ವನ ಬಳೆಯ ಸದ್ದು ಕೂಡ ಕೇಳುತ್ತಿತ್ತು.

"ಜಿನ್ಯಾ, ಇದ್ದೀ ಏನ?"

"ಇದ್ದೇನವ್ವಾ."

"ಇಲ್ಲಿ ನಿನ್ನ ಮಾರಿ ಕಾಣೂದಿಲ್ಲ. ಚಲೋ ಆತು. ಮಾರಿ ನೋಡಿದ್ರ ನನ್ನ ಬಾಯಿ ಕಟ್ತೈತಿ. ಎಲ್ಲಾರಿಗೂ ಕೇಳೇನಿ. ನಿನಗ ಕೇಳಿಲ್ಲ."

ಎಡಗಡೆಯ ಬೋಲ್ಟಿಗೆ ಪಾನಾ ಹಾಕಿದ್ದೆ. ತಿರುಗಿಸಲಿಲ್ಲ.

"ಸಣ್ಣಾಂವ ಇದ್ದಾಗ ನಿನಗ ಬಡದೇನಿ. ನಿಮ್ಮಣ್ಣಗ ಒಂದ, ನಿನಗ ಒಂದ ಮಾಡೇನಿ. ಈ ಗಾಡಿ ತಗೊಂಡಾಗ ಒಂದ ತಿಂಗಳ ಮಾತ ಬಿಟ್ಟಿದ್ದೆ. ಮತ್ತ ಈಗ ನಿನ್ನ ಬಿಟ್ಟ ಹೊಂಟೇನಿ. ಇದರಿಂದ ನಿನಗ ನೋವ ಆಗಾಕತ್ತೈತಿ, ನನಗ ಗೊತ್ತೈತಿ. ಕ್ಷಮಾ ಮಾಡಪಾ ನನಗ."

ಕಣ್ಣೀರು ಎರಡೂ ಕಡೆ ಇಳಿದು ಕಿವಿಗೆ ಹೋಗುತ್ತಿತ್ತು, ಒರೆಸಿಕೊಳ್ಳೋಣ ಎಂದರೆ ಕೈಯೆಲ್ಲ ಗ್ರೀಸು. ಹೆತ್ತವಳು ಮಗನಿಗೆ ಕೈಮುಗಿಯುತ್ತಾಳೆಯೇ? ಮೇಲೆ ಮುಗಿದಿದ್ದಳೋ ಇಲ್ಲವೋ, ನನಗೆ ಕಾಣುತ್ತಿರಲಿಲ್ಲ. ಮುಗಿದೇ ಇರುತ್ತಾಳೆ. ನನಗೆ ಅವಳ ಸ್ವಭಾವ ಗೊತ್ತಿಲ್ಲವೇ.

"ಕೇಳಸ್ತೇನ?"

"ಇನ್ನ ಬೋಲ್ಟ ಬಿಗಿಯೂದ ಐತವ್ವಾ," ಎಂದೆ.

"ಬಿಗಿ. ನನಗೇನ ಅವಸರಿಲ್ಲ. ನಾ ಕುಂದರತೇನಿ."

ಕೂರುತ್ತಿದ್ದಳು. ನಾನು ಆ ಬೋಲ್ಟು ಬಿಗಿಯದೆ ನಾಳೆ, ನಾಡಿದ್ದು ಎಂದರೂ ಕೂರುತ್ತಿದ್ದಳು. ಉಣ್ಣು ಎಂದರೆ ಉಣ್ಣುತ್ತಿದ್ದಳು, ಹಿತ್ತಲಿಗೆ ಹೋಗಿ ನಳ ಬಿಡುತ್ತಿದ್ದಳು. ನನಗಾಗಿ ಎಷ್ಟು ದಿನ ಬೇಕಾದರೂ ನರಳುತ್ತಿದ್ದಳು. ಎರಡೂ ಕಡೆಯ ಬೋಲ್ಟು ಪಾನಾ ನಿಲ್ಲುವ ತನಕ ಬಿಗಿದೆ. ಆಮೇಲೆ ಅಲ್ಲಿಂದಲೇ ಹೇಳಿದೆ.

"ಕ್ಷಮಾ ಮಾಡೇನವ್ವಾ. ನೀನೂ ನನಗ ಮಾಡು."

"ನಿಂದೇನೈತೋ ಹುಚ್ಚಾ," ಎಂದಳು. ತೃಪ್ತಿ ಬರುವ ತನಕ ಅವಳು ಮೇಲೆ, ನಾನು ಕೆಳಗೆ ಹಾಗೇ ಇದ್ದೆವು.


ಸೆಪ್ಟೆಂಬರ್ 3, ಮಂಗಳವಾರ

ಉಗಾರಕ್ಕೆ ಹೋಗಿ ಬಂದೆವು. ಅಣ್ಣನಿಗೆ ನಾನೇ ಫೋನ್ ಮಾಡಿದ್ದೆ, ಅವನೂ ತೃಪ್ತಿಯೂ ಅವನ ಗಾಡಿಯಲ್ಲಿ ಹಿಂದಿನಿಂದ ಬಂದರು. ನನ್ನ ಗಾಡಿಯಲ್ಲಿ ಅವ್ವ ಮತ್ತು ನಾನು ಇಬ್ಬರೇ.

ಚಂಪಾಬಾಯಿ ಅತ್ತೆ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದಳು. ಅವ್ವನನ್ನು ನೋಡಿ ಮೊದಲು ಮುಖ ತಿರುಗಿಸಿದಳು. ಅವ್ವ ನನ್ನ ಭುಜ ಬಿಟ್ಟು, ಒಬ್ಬಳೇ ಎರಡು ಹೆಜ್ಜೆ ಹೋಗಿ ಅವಳ ಪಕ್ಕದಲ್ಲಿ ಕೂತಳು. ಇಬ್ಬರು ಮುದುಕಿಯರು ಏನು ಮಾತಾಡಿಕೊಂಡರೋ, ನಾವು ಅಂಗಳದಲ್ಲೇ ನಿಂತಿದ್ದೆವು. ಸ್ವಲ್ಪ ಹೊತ್ತಿನ ಮೇಲೆ ಅತ್ತೆಯ ದನಿ ಏರಿತು. "ಅಲ್ಲ ಲಕ್ಷ್ಮೀ, ಇಷ್ಟ ವರ್ಷ ಬಿಟ್ಟು ಸಾಯಾಕ ಹೊಂಟಾಗ ಬಂದೆಲ್ಲ! ಮೊದಲ ಬಂದಿದ್ರ ನಿನ್ನ ಗಂಟೇನ ಹೋಗತಿತ್ತು?" ಎಂದು ಬೈಯುತ್ತ ಅವ್ವನ ತಲೆಯನ್ನು ಎದೆಗೆ ಒತ್ತಿಕೊಂಡಿದ್ದಳು. ಅಣ್ಣ ಅತ್ತ ತಿರುಗಿ ನಿಂತ. ನಾನು ಅವನ ಹತ್ತಿರ ಹೋಗಿ, ಅಂದು ಹಾಗೆ ಅನ್ನಬಾರದಿತ್ತು ಎಂದೆ. ಅವನು ನನ್ನ ಬೆನ್ನ ಮೇಲೆ ಒಂದು ಗುದ್ದು ಕೊಟ್ಟ, ಸಣ್ಣವರಿದ್ದಾಗ ಕೊಡುತ್ತಿದ್ದಂತೆ.

ಬರುವಾಗ ರಸ್ತೆ ಖಾಲಿ ಇತ್ತು. ಎರಡೂ ಕಡೆ ಕಬ್ಬು ಎದೆಯೆತ್ತರ ಬೆಳೆದಿದೆ. ನಾನು ಸೈಕಲ್ಲಿಗಿಂತ ನಿಧಾನವಾಗಿ ಓಡಿಸುತ್ತಿದ್ದೆ. ಹಂಪು ಬಂದಾಗ ಗಾಡಿ ಮೆಲ್ಲಗೆ ಎದ್ದು ಮೆಲ್ಲಗೆ ಕೂರುತ್ತಿತ್ತು. ಅವ್ವ ಕಣ್ಣು ಮುಚ್ಚಿದ್ದಳು. ನಿದ್ದೆ ಹತ್ತಿದೆ ಎಂದುಕೊಂಡಿದ್ದೆ.

"ಭಾಳ ಮೆತ್ತಗ ಮಾಡಿದಿ. ಹಿಂಗಾದ್ರ ನಿನಗ ಓಡಸಾಕ ಮಜಾ ಬರ್ತೈತೇನ?"

"ಬರೂದಿಲ್ಲ," ಎಂದೆ.

"ಹೂಂ," ಎಂದು ಮತ್ತೆ ಕಣ್ಣು ಮುಚ್ಚಿದಳು.

ಒಪ್ಪಿದೆಯಾ ಎಂದು ಅವಳು ದಾರಿಯುದ್ದಕ್ಕೂ ಕೇಳಲಿಲ್ಲ. ಇಷ್ಟು ದಿನದಲ್ಲಿ ಒಮ್ಮೆಯೂ ಕೇಳಿಲ್ಲ. ಬೋರಗಾಂವ ಬಂತು. ನಮ್ಮ ಮನೆಯ ತಿರುವು ಬಂತು. ಅಣ್ಣನ ಗಾಡಿ ಹಿಂದೆ ಹಾರ್ನ್ ಹೊಡೆಯಿತು. ನಾನು ತಿರುಗಿಸಲಿಲ್ಲ, ನೆಟ್ಟಗೆ ಹೋಗಿ ಬಸದಿಯ ಮುಂದೆ ನಿಲ್ಲಿಸಿ, ಇಳಿದು ಹಿಂದಿನ ಬಾಗಿಲು ತೆಗೆದೆ. ಅವ್ವ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಎರಡೂ ಕೈ ನನ್ನ ಕಡೆ ಚಾಚಿದಳು.

ಮಹಾರಾಜರು ಅವ್ವನನ್ನು ಏನೂ ಕೇಳಲಿಲ್ಲ. ನನ್ನ ಕಡೆ ನೋಡಿದರು. "ನನ್ನ ಒಪ್ಪಿಗಿ ಐತ್ರಿ," ಎಂದೆ. ದನಿ ಸರಿಯಾಗಿ ಬರಲಿಲ್ಲ, ಎರಡನೇ ಸಲ ಹೇಳಬೇಕಾಯಿತು.

ಅವರೆಲ್ಲ ಒಳಗೆ ಕೂತರು. ನನಗೆ ನಿಲ್ಲಲಾಗಲಿಲ್ಲ, ಹೊರಗೆ ಬಂದೆ. ಗಾಡಿಯ ಹಿಂದಿನ ಬಾಗಿಲು ತೆರೆದೇ ಇತ್ತು. ಒಳಗೆ ಹೋಗಿ ಅವ್ವ ಕೂತಿದ್ದ ಜಾಗದಲ್ಲಿ ಕೂತೆ. ಈ ಗಾಡಿ ಕೊಂಡಂದಿನಿಂದ ನಾನು ಆ ಸೀಟಿನಲ್ಲಿ ಒಮ್ಮೆಯೂ ಕೂತಿರಲಿಲ್ಲ. ಅಲ್ಲಿಂದ ನೋಡಿದರೆ ಮುಂದಿನ ಕನ್ನಡಿಯಲ್ಲಿ, ಓಡಿಸುವವನು ಕೂತಿದ್ದರೆ, ಅವನ ಕಣ್ಣು ಕಾಣುತ್ತವೆ. ಇಷ್ಟು ವರ್ಷ ಅವಳಿಗೆ ನನ್ನ ಕಣ್ಣು ಕಾಣುತ್ತಿದ್ದವು.